ಐತಿಹ್ಯ, ಚರಿತ್ರೆ ಮತ್ತು ಮಕ್ಕಳ ಕ್ಯಾಮೆರಾ

ಪಾಂಡವಪುರವನ್ನು ಹಿಂದೆ ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಹೈದರ್ ಮತ್ತು ಟಿಪ್ಪುವಿನ ಪಕ್ಷದಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಪಾಳೆಯ ಹೋಯಿತು, ಕಾಲಕ್ರಮದಲ್ಲಿ ಹೆಸರೂ ಹೋಯಿತು. ಪಾಂಡವರು ಕುಂತಿಬೆಟ್ಟದಲ್ಲಿ ತಂಗಿದ್ದರೆಂಬುದು ಐತಿಹ್ಯ. ಫ್ರೆಂಚರು ಬಂದದ್ದು ಚರಿತ್ರೆ. ಊರಿನ ಬಾಯಲ್ಲಿ ಉಳಿದದ್ದು ಐತಿಹ್ಯವೇ.

ಕಥೆಯಾದದ್ದು ಬಾಳುತ್ತದೆ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ, ವಿದ್ಯಾರ್ಥಿಗಳ ಚಿತ್ರಗಳಿಗೆ ಮೀಸಲಾದ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಒಂದು ಕನ್ನಡ ಕಿರುಚಿತ್ರಕ್ಕೆ ಸಂದಿತು. ವೈದ್ಯಶಿಕ್ಷಣ ಮುಗಿಸಿ ಪುಣೆಯ ಚಲನಚಿತ್ರ ಸಂಸ್ಥೆಯನ್ನು ಸೇರಿದ್ದ ಚಿದಾನಂದ ನಾಯ್ಕರು ಸಹಪಾಠಿಗಳೊಡನೆ ಅದನ್ನು ತಯಾರಿಸಿದರು. ಮುದುಕಿ ಕೋಳಿಯನ್ನು ಕದ್ದೊಯ್ದಳು, ಊರಿಗೆ ಬೆಳಗಾಗಲಿಲ್ಲ: ಅಜ್ಜಿಯರ ಕಥೆಯೇ ಅದರ ವಸ್ತು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದ—ಒಬ್ಬೊಬ್ಬರ ಪಾಲಿಗೆ ಒಂದೊಂದು.

ನಮ್ಮ ಪ್ರೌಢಶಾಲೆಗಳ 'ಪ್ರಾಜೆಕ್ಟ್' ಹೀಗೇಕೆ ಆಗಬಾರದು? ಚಿತ್ರ ಕತ್ತರಿಸಿ ಹಾಳೆಗೆ ಅಂಟಿಸುವುದರಿಂದ ಮಕ್ಕಳಿಗೆ ಬರುವುದು ಅಂಟಿನ ಪರಿಚಯ ಮಾತ್ರ. ಬದಲಿಗೆ ನಾಗಮಂಗಲದ ಮಕ್ಕಳು ಹಿತ್ತಾಳೆ ಎರಕದವರ ಕೈಚಳಕವನ್ನೂ ಕೃಷ್ಣರಾಜಪೇಟೆಯವರು ತಮ್ಮೂರು ಅತ್ತಿಗುಪ್ಪೆಯಾಗಿದ್ದ ಕಾಲದ ನೆನಪುಗಳನ್ನೂ ಚಿತ್ರಿಸಲಿ. ಒಬ್ಬ ಹಿರಿಯರನ್ನು ಕೇಳಲಿ, ಒಬ್ಬಳು ಕ್ಯಾಮೆರಾ ಹಿಡಿಯಲಿ, ಇನ್ನೊಬ್ಬ ಶಾಸನ, ಗೆಜೆಟಿಯರುಗಳಲ್ಲಿ ಹುಡುಕಲಿ.

ಈ ಮೂರನೆಯವನೇ ನನ್ನ ಮಟ್ಟಿಗೆ ಮುಖ್ಯ. ಕ್ಯಾಮೆರಾ ಹೇಳಿದ್ದನ್ನೆಲ್ಲ ಜನ ನಂಬುತ್ತಾರೆ. ಅಜ್ಜಿ ಹೇಳಿದ್ದು ಯಾವುದು, ಕಲ್ಲು ಹೇಳಿದ್ದು ಯಾವುದು ಎಂದು ಚಿತ್ರದಲ್ಲೇ ಬೇರೆಬೇರೆಯಾಗಿ ತೋರಿಸಿದ ಮಕ್ಕಳು ಎರಡನ್ನೂ ಉಳಿಸುತ್ತಾರೆ. ಬೆರೆಸಿಬಿಟ್ಟರೆ ಐತಿಹ್ಯದ ಸೊಗಸೂ ಕೆಡುತ್ತದೆ, ಚರಿತ್ರೆಯ ಸತ್ಯವೂ ಕೆಡುತ್ತದೆ.