ಇಳಿವಯಸ್ಸಿನ ಅಪಧಮನಿ ಉರಿಯೂತ: ನಿರ್ಣಯಕ್ಕೆ ಮುಂಚಿನ ಚಿಕಿತ್ಸೆ

ಅಪಧಮನಿಗಳು ಉರಿಯೂತಕ್ಕೀಡಾಗುವ ಜಯಂಟ್ ಸೆಲ್ ಆರ್ಟರೈಟಿಸ್ 50 ದಾಟಿದವರ ಕಾಯಿಲೆ. ಎಪ್ಪತ್ತರ ನಂತರ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದರ ಸಂಗಾತಿ ಪಾಲಿಮಯಾಲ್ಜಿಯಾ ರುಮಾಟಿಕಾ. ಬೆಳಗ್ಗೆ ಎದ್ದಾಗ ಹೆಗಲು, ತೊಡೆಸಂದು ಬಿಗಿದು, ಕೈಯೆತ್ತಿ ತಲೆ ಬಾಚುವುದೂ ಕಷ್ಟವಾಗುತ್ತದೆ. ಆರ್ಟರೈಟಿಸ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಬಿಗಿತವೂ ಇರುತ್ತದೆ. ತಲೆನೋವು, ಮೈಕೈ ನೋವು, ತೂಕ ಇಳಿಯುವುದು ಎಲ್ಲವನ್ನೂ 'ವಯಸ್ಸಾಯಿತು' ಎಂದು ತಳ್ಳಿಬಿಡಬಹುದಾದ್ದರಿಂದ ಈ ಕಾಯಿಲೆ ಕಣ್ತಪ್ಪುತ್ತದೆ. ಇಲ್ಲಿ ಬಲವಾದ ಶಂಕೆಯೊಂದೇ ಚಿಕಿತ್ಸೆ ಆರಂಭಿಸಲು ಸಾಕು ಎಂಬುದು ಈ ಲೇಖನದ ವಾದ.

ಈ ಕಾಯಿಲೆ ಹೊಸದಲ್ಲ. 1890ರಲ್ಲಿ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್, ಕಣತಲೆಯ ರಕ್ತನಾಳಗಳು ಕೆಂಪಗೆ ಊದಿಕೊಂಡು ಟೋಪಿ ಹಾಕಲಾರದೆ ಹೋದ ವೃದ್ಧನೊಬ್ಬನನ್ನು ವರ್ಣಿಸಿದರು. 1932ರಲ್ಲಿ ಮೇಯೋ ಕ್ಲಿನಿಕ್‌ನ ಬೇಯಾರ್ಡ್ ಹಾರ್ಟನ್ ಮತ್ತು ಸಂಗಡಿಗರು ಅಂಥ ರೋಗಿಗಳ ಕಣತಲೆಯ ನಾಳದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಉರಿಯೂತವನ್ನು ತೋರಿಸಿದರು.

ಉರಿಯೂತ ಶುರುವಾಗುವುದು ನಾಳದ ಹೊರಪದರದಲ್ಲಿ. ಅಲ್ಲಿನ ಡೆಂಡ್ರಿಟಿಕ್ ಕೋಶಗಳು ಎಚ್ಚೆತ್ತು ಟಿ ಕೋಶಗಳನ್ನು ಕರೆಸಿಕೊಳ್ಳುತ್ತವೆ. ಅವುಗಳ ಹಿಂದೆ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಒಳಗಿನ ಎಲಾಸ್ಟಿಕ್ ಪದರದ ಬಳಿ ಇವು ಒಂದಕ್ಕೊಂದು ಬೆಸೆದು ದೈತ್ಯಕೋಶಗಳಾಗುತ್ತವೆ. ಇಲ್ಲಿ ಹೊರಬೀಳುವ ಬೆಳವಣಿಗೆ ಪ್ರಚೋದಕಗಳಿಂದ ಒಳಪದರ ದಪ್ಪಗಾಗಿ ನಾಳ ಕಿರಿದಾಗುತ್ತದೆ. ಅಂದರೆ ರಕ್ತ ತಡೆಯುವುದು ಮುಖ್ಯವಾಗಿ ಹೆಪ್ಪಲ್ಲ, ಗೋಡೆಯೇ. ತಲೆಬುರುಡೆಯೊಳಗಿನ ನಾಳಗಳಲ್ಲಿ ಎಲಾಸ್ಟಿಕ್ ಅಂಶ ಕಡಿಮೆ; ಅವು ಬಹುಪಾಲು ಪಾರಾಗುತ್ತವೆ. ದೃಷ್ಟಿನರಕ್ಕೆ ರಕ್ತ ಒದಗಿಸುವ ಹಿಂಭಾಗದ ಸಿಲಿಯರಿ ಅಪಧಮನಿಗಳಿಗೆ ಆ ಅದೃಷ್ಟವಿಲ್ಲ. ಅವು ಕಟ್ಟಿದರೆ ನೋವಿಲ್ಲದೆ, ಹಠಾತ್ತನೆ ದೃಷ್ಟಿ ಹೋಗುತ್ತದೆ. ಹೋದದ್ದು ಮರಳುವುದು ಅಪರೂಪ. ಚಿಕಿತ್ಸೆ ಸಿಗದಿದ್ದರೆ ಕೆಲವೇ ದಿನ ಅಥವಾ ವಾರಗಳಲ್ಲಿ ಇನ್ನೊಂದು ಕಣ್ಣಿನ ಸರದಿ ಬರಬಹುದು.

ರೋಗಿಯ ಬಾಯಿಂದ ಕೇಳಬೇಕಾದ ಮುಖ್ಯ ಸುಳಿವು ದವಡೆಯದು. ರೊಟ್ಟಿ ಅಗಿಯುತ್ತಾ ಹೋದಂತೆ ದವಡೆ ಸೋಲುತ್ತದೆ, ನಿಲ್ಲಿಸಿದರೆ ಸುಧಾರಿಸುತ್ತದೆ. ಹಲ್ಲಿನ ವೈದ್ಯರ ಬಳಿಯೇ ಈ ದೂರು ಮುಗಿದುಹೋಗುವ ಸಾಧ್ಯತೆ ಇದೆ. ಉರಿಯೂತವನ್ನು ಸೂಚಿಸುವ ರಕ್ತಪರೀಕ್ಷೆಯಾದ ಇಎಸ್‌ಆರ್ ಏರುವುದು ನಿಜ. ಆದರೆ ರಕ್ತಹೀನತೆ, ಕ್ಷಯ, ಹಳೆಯ ಸೋಂಕು, ಬರಿಯ ವಯಸ್ಸು ಸಹ ಅದನ್ನು ಏರಿಸುವುದರಿಂದ ನಮ್ಮಲ್ಲಿ ಅದೊಂದನ್ನೇ ನೆಚ್ಚುವಂತಿಲ್ಲ. ಉರಿಯೂತದ ಇನ್ನೊಂದು ರಕ್ತಪರೀಕ್ಷೆ ಸಿಆರ್‌ಪಿ ಜೊತೆಗಿರಬೇಕು. ಅಮೆರಿಕ ಮತ್ತು ಯುರೋಪಿನ ರುಮಟಾಲಜಿ ಸಂಘಟನೆಗಳ 2022ರ ಎಸಿಆರ್-ಯೂಲಾರ್ ಮಾನದಂಡಗಳು ಬಯಾಪ್ಸಿಗೆ (ನಾಳದ ತುಣುಕಿನ ಪರೀಕ್ಷೆಗೆ) ಕೊಟ್ಟಷ್ಟೇ ಅಂಕವನ್ನು ಅಲ್ಟ್ರಾಸೌಂಡಿನಲ್ಲಿ ನಾಳದ ಸುತ್ತ ಕಾಣುವ ಕಪ್ಪು ಉಂಗುರಕ್ಕೂ ಕೊಟ್ಟಿವೆ. ಇವು ವರ್ಗೀಕರಣದ ಮಾನದಂಡಗಳೇ ಹೊರತು ನಿರ್ಣಯದವಲ್ಲ ಎಂಬುದನ್ನು ಮರೆಯಬಾರದು.

ಇದರ ಮೊದಲ ಚಿಕಿತ್ಸೆ ಸ್ಟೆರಾಯ್ಡ್. ಅದನ್ನು ಮುಂಚೆಯೇ ಶುರುಮಾಡಿದರೆ ಬಯಾಪ್ಸಿಯ ಫಲಿತಾಂಶ ಕೆಟ್ಟೀತೆಂಬ ಅಂಜಿಕೆ ಬೇಡ. ಉರಿಯೂತದ ಗುರುತು ಒಂದೆರಡು ವಾರವಾದರೂ ಉಳಿದಿರುತ್ತದೆ. ಸಾಮಾನ್ಯವಾಗಿ ದಿನಕ್ಕೆ 40ರಿಂದ 60 ಮಿ.ಗ್ರಾಂ ಪ್ರೆಡ್ನಿಸೊಲೋನ್, ದೃಷ್ಟಿಗೆ ಕುತ್ತಿದ್ದರೆ ಮೊದಲು ರಕ್ತನಾಳದ ಮೂಲಕ ಮೀಥೈಲ್‌ಪ್ರೆಡ್ನಿಸೊಲೋನ್. ಆದರೆ ಈ ವಯಸ್ಸಿಗೆ ಸ್ಟೆರಾಯ್ಡಿನ ಬೆಲೆ ದೊಡ್ಡದು: ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. 2017ರಲ್ಲಿ ಪ್ರಕಟವಾದ, 251 ರೋಗಿಗಳ ಜಿಯಾಕ್ಟಾ ಅಧ್ಯಯನದಲ್ಲಿ ಸ್ಟೆರಾಯ್ಡ್ ತಗ್ಗಿಸಲು ನೆರವಾಗುವ ಟೊಸಿಲಿಜುಮಾಬ್ ಔಷಧವನ್ನು ವಾರಕ್ಕೊಮ್ಮೆ ಪಡೆದು 26 ವಾರಗಳಲ್ಲಿ ಸ್ಟೆರಾಯ್ಡ್ ಇಳಿಸಿದವರಲ್ಲಿ ಶೇ. 56ರಷ್ಟು ಮಂದಿ ವರ್ಷದ ಕೊನೆಗೆ ಉಪಶಮನದಲ್ಲಿದ್ದರು. ಅಷ್ಟೇ ಅವಧಿಯಲ್ಲಿ ಸ್ಟೆರಾಯ್ಡ್ ಇಳಿಸಿ ಹುಸಿಮದ್ದು ಪಡೆದವರಲ್ಲಿ ಇದು ಶೇ. 14. ಔಷಧ ದುಬಾರಿ. ಜೊತೆಗೆ, ಇಂಟರ್‌ಲ್ಯೂಕಿನ್-6ರ ಕೆಲಸಕ್ಕೆ ಅದು ತಡೆಯೊಡ್ಡುವುದರಿಂದ ಸಿಆರ್‌ಪಿ ತಾನಾಗಿ ಕುಸಿಯುತ್ತದೆ, ರೋಗ ಮರುಕಳಿಸಿದರೂ ಸೋಂಕು ತಗುಲಿದರೂ ರಕ್ತಪರೀಕ್ಷೆ ಸುಳಿವು ಕೊಡದಿರಬಹುದು. ಕ್ಷಯ ವ್ಯಾಪಕವಾಗಿರುವ ನಮ್ಮಲ್ಲಿ ಸುಪ್ತ ಸೋಂಕಿನ ತಪಾಸಣೆ ಇದಕ್ಕೆ ಮುಂಚೆ ಆಗಲೇಬೇಕು.

ಸ್ಕ್ಯಾಂಡಿನೇವಿಯಾದಲ್ಲಿ ಹೆಚ್ಚಾಗಿ ಕಾಣುವ ಈ ರೋಗ ಭಾರತದಲ್ಲಿ ಅಪರೂಪವೆಂದೇ ಪಠ್ಯಗಳು ಹೇಳುತ್ತವೆ. ದೊಡ್ಡ ನಾಳಗಳ ಉರಿಯೂತವೆಂದರೆ ನಮ್ಮ ವೈದ್ಯರಿಗೆ ಮೊದಲು ಹೊಳೆಯುವುದು ಎಳೆಯ ಹೆಂಗಸರ ಟಕಯಾಸು ಕಾಯಿಲೆ. ಅಪರೂಪವಿರಬಹುದು, ಆದರೆ ಅಪರೂಪವೆಂಬ ನಂಬಿಕೆಯೇ ಹುಡುಕಾಟವನ್ನು ತಡೆಯುತ್ತದೆಂಬುದು ನನ್ನ ಅನುಮಾನ. ಅಪಾಯ ಕಣ್ಣಿಗಷ್ಟೇ ಅಲ್ಲ: ಕಣ್ಣು ಉಳಿದವರಲ್ಲೂ ಮಹಾಪಧಮನಿ ವರ್ಷಗಳ ನಂತರ ಉಬ್ಬಿಕೊಳ್ಳಬಹುದು. ಆದ್ದರಿಂದ ಎರಡೂ ತೋಳುಗಳ ಬಿ.ಪಿ. ನೋಡುವುದು, ಅಗತ್ಯವಿದ್ದಾಗ ಎದೆಯ ಸ್ಕ್ಯಾನ್ ಮಾಡಿಸುವುದು ಸ್ಟೆರಾಯ್ಡ್ ನಿಂತ ಮೇಲೂ ಮುಂದುವರಿಯಬೇಕು.