ಚಿತ್ರಸಮಾಜ

ಚಿತ್ರಸಮಾಜ ಅಥವಾ ಫಿಲ್ಮ್ ಸೊಸೈಟಿ ಎಂಬುದು ಚಲನಚಿತ್ರಾಸಕ್ತರು ಉತ್ತಮವೆಂದು ತಾವು ಭಾವಿಸಿದ ಚಿತ್ರಗಳನ್ನು ಒಟ್ಟಾಗಿ ನೋಡಲು ಹಾಗೂ ನೋಡಿದುದನ್ನು ಚರ್ಚಿಸಲು ಕಟ್ಟಿಕೊಂಡ, ಲಾಭದ ಉದ್ದೇಶವಿಲ್ಲದ ಸಂಘ. ಇದು ಸದಸ್ಯರ ಚಂದಾಹಣದಿಂದ ನಡೆಯುತ್ತದೆ. ವಾಣಿಜ್ಯ ಚಿತ್ರಮಂದಿರಗಳಲ್ಲಿ ಸಾಮಾನ್ಯವಾಗಿ ತೆರೆಕಾಣದ ಹಳೆಯ ಚಿತ್ರಗಳು, ಪರಭಾಷಾ ಚಿತ್ರಗಳು, ಸಾಕ್ಷ್ಯಚಿತ್ರಗಳು ಮತ್ತು ಪ್ರಾಯೋಗಿಕ ಚಿತ್ರಗಳ ಪ್ರದರ್ಶನ ಇದರ ಮುಖ್ಯ ಕಾರ್ಯ. ಪ್ರದರ್ಶನದಷ್ಟೇ ಮಹತ್ವ ಆನಂತರದ ಚರ್ಚೆಗೂ ಇರುವುದು ಚಿತ್ರಸಮಾಜವನ್ನು ಚಿತ್ರಮಂದಿರದಿಂದ ಬೇರ್ಪಡಿಸುವ ಲಕ್ಷಣ.

ಉಗಮ

ಈ ಬಗೆಯ ಸಂಸ್ಥೆಗಳಲ್ಲಿ ಹೆಚ್ಚು ಪ್ರಸಿದ್ಧವಾದುದು 1925ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಫಿಲ್ಮ್ ಸೊಸೈಟಿ. ಐವರ್ ಮಾಂಟೆಗು ಅದರ ಸಂಸ್ಥಾಪಕರಲ್ಲಿ ಪ್ರಮುಖರು. ಜಾರ್ಜ್ ಬರ್ನಾರ್ಡ್ ಷಾ ಹಾಗೂ ಎಚ್. ಜಿ. ವೆಲ್ಸ್ ಅವರಂತಹ ಲೇಖಕರ ಬೆಂಬಲ ಅದಕ್ಕಿತ್ತು. ಸೆರ್ಗೆಯ್ ಐಸೆನ್‌ಸ್ಟೈನ್ ಅವರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಚಿತ್ರದ ಸಾರ್ವಜನಿಕ ಪ್ರದರ್ಶನಕ್ಕೆ ಬ್ರಿಟನ್ನಿನಲ್ಲಿ ಅನುಮತಿ ಇಲ್ಲದಿದ್ದಾಗ, 1929ರಲ್ಲಿ ಈ ಸೊಸೈಟಿ ಅದನ್ನು ತನ್ನ ಸದಸ್ಯರಿಗಾಗಿ ಪ್ರದರ್ಶಿಸಿತು.

ಭಾರತದಲ್ಲಿ ಚಳವಳಿ

1942ರಲ್ಲಿ ಬೊಂಬಾಯಿ ಫಿಲ್ಮ್ ಸೊಸೈಟಿ ಆರಂಭವಾಯಿತು. ಸ್ವಾತಂತ್ರ್ಯ ಬಂದ ವರ್ಷವಾದ 1947ರಲ್ಲಿ ಸತ್ಯಜಿತ್ ರೇ, ಚಿದಾನಂದ ದಾಸ್‌ಗುಪ್ತ ಮತ್ತು ಅವರ ಮಿತ್ರರು ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದರು. ಅದು ಪ್ರದರ್ಶಿಸಿದ ಮೊದಲ ಚಿತ್ರವೂ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಆಗಿತ್ತು. ರೇ ಅವರ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ ತೆರೆಕಂಡದ್ದು 1955ರಲ್ಲಿ. ಅದಕ್ಕೆ ಮುನ್ನ ಅವರು ಹಲವು ವರ್ಷ ಇತರರೊಡನೆ ಕುಳಿತು ಚಿತ್ರ ನೋಡುವ, ಅದರ ಬಗೆಗೆ ವಾದಿಸುವ ಹಾಗೂ ಬರೆಯುವ ಪ್ರೇಕ್ಷಕರಾಗಿದ್ದರು.

1952ರಲ್ಲಿ ನಡೆದ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಇಟಲಿಯ ‘ಬೈಸಿಕಲ್ ಥೀವ್ಸ್’, ಜಪಾನಿನ ‘ರಾಶೋಮನ್’ ಮೊದಲಾದ ಚಿತ್ರಗಳು ಪ್ರದರ್ಶಿತವಾದವು. ಅನಂತರದ ವರ್ಷಗಳಲ್ಲಿ ಇತರ ನಗರಗಳಲ್ಲಿಯೂ ಚಿತ್ರಸಮಾಜಗಳು ಹುಟ್ಟಿಕೊಂಡವು. 1959ರಲ್ಲಿ ಇವುಗಳ ಒಕ್ಕೂಟವಾದ ಫೆಡರೇಷನ್ ಆಫ್ ಫಿಲ್ಮ್ ಸೊಸೈಟೀಸ್ ಆಫ್ ಇಂಡಿಯಾ ರಚನೆಗೊಂಡು, ರೇ ಅದರ ಅಧ್ಯಕ್ಷರಾದರು. ಶ್ಯಾಮ್ ಬೆನೆಗಲ್ ಹೈದರಾಬಾದಿನಲ್ಲಿ ಚಿತ್ರಸಮಾಜವನ್ನು ಕಟ್ಟಿದರು. ಅಡೂರ್ ಗೋಪಾಲಕೃಷ್ಣನ್ ಹಾಗೂ ಅವರ ಸಂಗಡಿಗರು 1965ರಲ್ಲಿ ತಿರುವನಂತಪುರದಲ್ಲಿ ಚಿತ್ರಲೇಖಾ ಫಿಲ್ಮ್ ಸೊಸೈಟಿಯನ್ನು ಆರಂಭಿಸಿದರು.

ಕಾರ್ಯವಿಧಾನ

ಚಿತ್ರಸಮಾಜಗಳು ವಿದೇಶಿ ರಾಯಭಾರ ಕಚೇರಿಗಳು, ಮ್ಯಾಕ್ಸ್ ಮುಲ್ಲರ್ ಭವನ, ಅಲಯನ್ಸ್ ಫ್ರಾನ್ಸೇಸ್ ಮುಂತಾದ ಸಾಂಸ್ಕೃತಿಕ ಕೇಂದ್ರಗಳಿಂದ ಚಿತ್ರಗಳನ್ನು ಎರವಲು ಪಡೆಯುತ್ತಿದ್ದವು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಅದರ ಸಂಗ್ರಹಪಾಲಕರಾಗಿದ್ದ ಪಿ. ಕೆ. ನಾಯರ್ ಅವರ ಆಸಕ್ತಿಯಿಂದ ದೂರದ ಊರುಗಳಿಗೂ ಅಭಿಜಾತ ಚಿತ್ರಗಳು ತಲುಪತೊಡಗಿದವು.

ಹಗುರವಾದ 16 ಮಿಲಿಮೀಟರ್ ಪ್ರೊಜೆಕ್ಟರ್ ಈ ಚಳವಳಿಯ ಪ್ರಧಾನ ಸಾಧನವಾಗಿತ್ತು. ಇದನ್ನು ಶಾಲೆಯ ಕೊಠಡಿಗೂ ಸಾಗಿಸಬಹುದಾಗಿತ್ತು. 1,600 ಅಡಿ ಉದ್ದದ ಒಂದು ಸುರುಳಿ ಸುಮಾರು 44 ನಿಮಿಷ ಓಡುತ್ತಿತ್ತು. ಯಂತ್ರ ಒಂದೇ ಇದ್ದಲ್ಲಿ ಸುರುಳಿ ಬದಲಿಸುವವರೆಗೆ ಪ್ರೇಕ್ಷಕರು ಕಾಯಬೇಕಾಗುತ್ತಿತ್ತು.

ಚಿತ್ರಗಳ ಆಯ್ಕೆಯಲ್ಲಿ ವೈವಿಧ್ಯವೇ ಮುಖ್ಯ ತತ್ತ್ವ. ಚಾರ್ಲಿ ಚಾಪ್ಲಿನ್ನರ ಮೂಕಿ ಹಾಸ್ಯ, ರಾಬರ್ಟ್ ಫ್ಲಾಹರ್ಟಿಯವರ ಸಾಕ್ಷ್ಯಚಿತ್ರ ‘ನಾನೂಕ್ ಆಫ್ ದಿ ನಾರ್ತ್’ (1922), ನಾರ್ಮನ್ ಮೆಕ್‌ಲ್ಯಾರನ್ನರ ಕಿರುಚಿತ್ರ ‘ನೇಬರ್ಸ್’ (1952), ಇಟಲಿಯ ನವವಾಸ್ತವವಾದಿ ಕಥಾಚಿತ್ರಗಳು ಇಂತಹ ಆಯ್ಕೆಗೆ ಒದಗುವ ಭಿನ್ನ ಮಾದರಿಗಳು. ತನಗೆ ರುಚಿಸಿದ ಒಂದೇ ಪ್ರಕಾರಕ್ಕೆ ಅಂಟಿಕೊಂಡ ಪ್ರೇಕ್ಷಕನು ಇನ್ನೊಬ್ಬರ ಮೆಚ್ಚುಗೆಯ ಚಿತ್ರವನ್ನೂ ತಾಳ್ಮೆಯಿಂದ ನೋಡಲು ಕಲಿಯುವುದು ಇದರಿಂದ ಸಾಧ್ಯವಾಗುತ್ತದೆ.

ಟೀಕೆಗಳು

ಚಿತ್ರಸಮಾಜಗಳು ನಗರದ, ಇಂಗ್ಲಿಷ್ ಬಲ್ಲ ಮಧ್ಯಮವರ್ಗದವರ ಕೂಟಗಳಾಗಿಯೇ ಉಳಿದವೆಂಬುದು ಪ್ರಮುಖ ಟೀಕೆ. ವಿದೇಶಿ ಚಿತ್ರಗಳ ಅಡಿಬರಹಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುತ್ತಿದ್ದುದು ಇದಕ್ಕೊಂದು ಕಾರಣ. ಸದಸ್ಯರಿಗೆ ಸೀಮಿತವಾದ ಪ್ರದರ್ಶನಗಳಿಗೆ ಸೆನ್ಸಾರ್ ವಿನಾಯಿತಿ ದೊರೆತ ಮೇಲೆ, ಕತ್ತರಿ ಬೀಳದ ವಿದೇಶಿ ಚಿತ್ರಗಳ ಆಕರ್ಷಣೆಗಾಗಿಯೇ ಕೆಲವರು ಸದಸ್ಯರಾಗುತ್ತಾರೆಂಬ ಆಕ್ಷೇಪವೂ ಕೇಳಿಬಂದಿತು. ಶ್ರೇಷ್ಠ ಚಿತ್ರಗಳನ್ನು ಸವಿಯಲು ವಿಶೇಷ ಶಿಕ್ಷಣ ಅಗತ್ಯವೇ, ಸಾಮಾನ್ಯರಿಗೆ ಅವು ಅರ್ಥವಾಗುವವೇ ಎಂಬ ಪ್ರಶ್ನೆ ಈ ಟೀಕೆಗಳ ಹಿಂದಿತ್ತು.

ಕರ್ನಾಟಕದಲ್ಲಿ

ಬೆಂಗಳೂರಿನ ಸುಚಿತ್ರ ಫಿಲ್ಮ್ ಸೊಸೈಟಿ 1971ರಲ್ಲಿ ಆರಂಭವಾಯಿತು. ‘ಸಂಸ್ಕಾರ’ (1970) ಚಿತ್ರದಿಂದ ಕನ್ನಡದಲ್ಲಿ ಹೊಸ ಅಲೆ ಮೂಡಿದ್ದ ಕಾಲವದು. ಬನಶಂಕರಿ ಎರಡನೆಯ ಹಂತದಲ್ಲಿ ಸುಚಿತ್ರಕ್ಕೆ ಸ್ವಂತ ಸಭಾಂಗಣವಿದೆ.

ಮೇಲಿನ ಪ್ರಶ್ನೆಗೆ ಪ್ರತ್ಯಕ್ಷ ಉತ್ತರ ದೊರೆತದ್ದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. ಅಲ್ಲಿನ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, 1949ರಿಂದ ನಾಟಕ ಚಟುವಟಿಕೆಗಳಲ್ಲಿ ತೊಡಗಿತ್ತು. 1973ರಲ್ಲಿ ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ನೀನಾಸಮ್ ಚಿತ್ರಸಮಾಜ ಆರಂಭವಾಯಿತು. ಅಡಕೆ ಬೆಳೆಗಾರರು, ಕೂಲಿಕಾರರು, ಗೃಹಿಣಿಯರು ಹಾಗೂ ಶಾಲಾ ಮಕ್ಕಳು ಜಗತ್ತಿನ ಅಭಿಜಾತ ಚಿತ್ರಗಳನ್ನು ನೋಡಿದರು. ಕನ್ನಡದಲ್ಲಿ ನೀಡುವ ವಿವರಣೆ ಅಡಿಬರಹದ ತೊಡಕನ್ನು ನಿವಾರಿಸುವ ಉಪಾಯವಾಯಿತು. ಪುಣೆಯ ಚಲನಚಿತ್ರ ಸಂಸ್ಥೆಯ ಪ್ರಾಧ್ಯಾಪಕ ಸತೀಶ್ ಬಹಾದೂರ್ ಮತ್ತು ಪಿ. ಕೆ. ನಾಯರ್ ಈ ಪ್ರಯತ್ನಕ್ಕೆ ನೆರವಾದರು. ನಾಯರ್ ಅವರನ್ನು ಕುರಿತ ‘ಸೆಲ್ಯುಲಾಯ್ಡ್ ಮ್ಯಾನ್’ (2012) ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಪ್ರೇಕ್ಷಕರು ಹಿಂದೆ ಕಂಡ ಚಿತ್ರಗಳನ್ನು ಸ್ಮರಿಸುತ್ತಾರೆ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಪರಿಣಾಮ ಮತ್ತು ಇಂದಿನ ಸ್ಥಿತಿ

ಸಾಮಾನ್ಯ ಚಿತ್ರಮಂದಿರಗಳಲ್ಲಿ ಅವಕಾಶ ದೊರೆಯದ ಹೊಸ ಅಲೆಯ ಚಿತ್ರಗಳಿಗೆ ಚಿತ್ರಸಮಾಜಗಳು ಸಿದ್ಧ ಪ್ರೇಕ್ಷಕವರ್ಗವನ್ನು ಒದಗಿಸಿದವು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ ಒಡೆಸ್ಸಾ ಬಳಗವು ಜನರಿಂದಲೇ ಹಣ ಸಂಗ್ರಹಿಸಿ ‘ಅಮ್ಮ ಅರಿಯಾನ್’ (1986) ಚಿತ್ರವನ್ನು ನಿರ್ಮಿಸಿತು.

1980ರ ದಶಕದಲ್ಲಿ ದೂರದರ್ಶನ ಮತ್ತು ವಿಡಿಯೋ ಕ್ಯಾಸೆಟ್, ಮುಂದೆ ಡಿವಿಡಿ ಹಾಗೂ ಅಂತರಜಾಲ ಬಂದಂತೆ ಅನೇಕ ಸಮಾಜಗಳು ಕ್ಷೀಣಿಸಿದವು. ಹಿಂದೆ ತಿಂಗಳುಗಟ್ಟಲೆ ಕಾದು ನೋಡಬೇಕಾಗಿದ್ದ ಅನೇಕ ಚಿತ್ರಗಳು ಈಗ ಮನೆಯಲ್ಲಿಯೇ ಲಭ್ಯ. ಹೀಗೆ ಚಿತ್ರಗಳ ಕೊರತೆ ನೀಗಿದರೂ ಅಪಾರ ಸಂಖ್ಯೆಯ ಚಿತ್ರಗಳ ನಡುವೆ ಆಯ್ಕೆ ಮಾಡುವ ವಿವೇಕ ಮತ್ತು ನೋಡಿದ ಮೇಲೆ ಭಿನ್ನಾಭಿಪ್ರಾಯವನ್ನು ಎದುರುಬದುರು ಕುಳಿತು ಆಲಿಸುವ ಅವಕಾಶ ತಾವಾಗಿ ಒದಗುವುದಿಲ್ಲ. ಉಳಿದಿರುವ ಚಿತ್ರಸಮಾಜಗಳು ಇಂದು ಮುಖ್ಯವಾಗಿ ಈ ಎರಡು ಕೆಲಸಗಳನ್ನು ನಿರ್ವಹಿಸುತ್ತಿವೆ.