ಹೋದ್ರೂ ಬೈಗುಳ, ಬಂದ್ರೂ ಬೈಗುಳ (ಭಾಗ 6)

ಜೂನ್ 23, 2010. ಪ್ರಿಟೋರಿಯಾ. ಅಮೆರಿಕ–ಅಲ್ಜೀರಿಯಾ ಮ್ಯಾಚ್, 90 ನಿಮಿಷ ಮುಗಿದಿದೆ, ಸ್ಕೋರ್ 0-0. ಗೋಲ್ ಬರದಿದ್ರೆ ಅಮೆರಿಕ ವರ್ಲ್ಡ್ ಕಪ್‌ನಿಂದ ಸೀದಾ ಮನೆಗೆ. 91ನೇ ನಿಮಿಷದಲ್ಲಿ ಲ್ಯಾಂಡನ್ ಡೊನೊವನ್ ಹೊಡೆದ. ಆ ವಿಡಿಯೊ ನೋಡಿಲ್ಲ ಅಂದ್ರೆ ಮೊದಲು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ.

ಬಂದ್ರಾ? ಈಗ ಕೇಳಿ. ಇದೇ ಡೊನೊವನ್‌ಗೆ ಅವರದೇ ಫ್ಯಾನ್ಸ್ ವರ್ಷಗಟ್ಟಲೆ ಹೇಳಿದ್ದು ಏನು ಗೊತ್ತಾ? ಇವನಿಗೆ ಗುಂಡಿಗೆ ಇಲ್ಲ, ಯುರೋಪಲ್ಲಿ ನಿಲ್ಲೋಕಾಗದೆ ಓಡಿ ಬಂದ ಅಂತ.

ಹದಿಹರೆಯದಲ್ಲೇ, 1999ರಲ್ಲಿ, ಜರ್ಮನಿಯ ಲೆವರ್ಕುಸೆನ್ ಸೇರಿದ್ದ. ಅಲ್ಲಿ ಚಾನ್ಸ್ ಸಿಗಲಿಲ್ಲ. 2001ರಲ್ಲಿ ಲೋನ್ ಮೇಲೆ ಸ್ಯಾನ್ ಹೊಸೆಗೆ ಬಂದ. 2005ರಲ್ಲಿ ಮತ್ತೆ ಹೋದ, ಕೆಲವೇ ತಿಂಗಳಲ್ಲಿ ಲಾಸ್ ಏಂಜಲೀಸ್‌ಗೆ ವಾಪಸ್. ಇಲ್ಲಿ ಒಟ್ಟು ಆರು ಲೀಗ್ ಕಪ್ ಗೆದ್ದ. ಆದ್ರೂ ಲೆಕ್ಕಕ್ಕಿಲ್ಲ!

ಈ ಯೋಚನೆ ಎಲ್ಲಿಂದ ಬಂತು? ನನ್ನ ಪ್ರಕಾರ ಕಾರಣ ಹಳೇದು. ಅಲ್ಲಿನ ಹಳೆ ಲೀಗ್ 1980ರ ದಶಕದಲ್ಲಿ ಮುಚ್ಚಿ ಹೋಯ್ತು, ಎಂಎಲ್‌ಎಸ್ ಶುರುವಾಗಿದ್ದು 1996ರಲ್ಲಿ. ನಡುವೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಮಟ್ಟದಲ್ಲಿ ಆಡ್ಬೇಕು ಅಂದ್ರೆ ವಿಮಾನ ಹತ್ತಲೇಬೇಕಿತ್ತು. ಜಾನ್ ಹಾರ್ಕ್ಸ್ ಇಂಗ್ಲೆಂಡಿನ ಶೆಫೀಲ್ಡ್ ವೆನ್ಸ್‌ಡೇಗೆ ಹೋಗಿದ್ದು ಹಾಗೇ. ಯುರೋಪ್ ಅನ್ನೋದು ಅಲ್ಲಿಂದಲೇ ಒಂದು ಸರ್ಟಿಫಿಕೇಟ್ ಆಗಿಬಿಡ್ತು. ಅಲ್ಲಿ ಬೆಂಚ್ ಮೇಲೆ ಕೂತವನು, ಇಲ್ಲಿ ಪ್ರತಿ ವಾರ ಆಡೋವನಿಗಿಂತ ಮೇಲು. (ನಮ್ಮ ಮನೆ ಮದುವೆಗಳಲ್ಲಿ 'ಹುಡುಗ ಫಾರಿನ್‌ನಲ್ಲಿದ್ದಾನೆ' ಅಂದ ತಕ್ಷಣ ಮುಂದಿನ ಪ್ರಶ್ನೆ ನಿಂತು ಹೋಗುತ್ತಲ್ಲ, ಅದೇ.)

2013ರಲ್ಲಿ ಕ್ಲಿಂಟ್ ಡೆಂಪ್ಸಿ ಟಾಟನ್‌ಹ್ಯಾಮ್‌ನಿಂದ ಸಿಯಾಟಲ್‌ಗೆ, 2014ರ ಜನವರಿಯಲ್ಲಿ ಮೈಕಲ್ ಬ್ರಾಡ್ಲಿ ರೋಮಾದಿಂದ ಟೊರೊಂಟೊಗೆ ಬಂದಾಗ ಕೋಚ್ ಕ್ಲಿನ್ಸ್‌ಮನ್ ಬಹಿರಂಗವಾಗಿಯೇ ಅಸಮಾಧಾನ ತೋರಿಸಿದ. ಎಂಎಲ್‌ಎಸ್ ಕಮಿಷನರ್ ಸಿಟ್ಟಿಂದ ಪ್ರತ್ಯುತ್ತರ ಕೊಟ್ಟ. ಅಷ್ಟರಲ್ಲಿ ಡೊನೊವನ್‌ನನ್ನು 2014ರ ವರ್ಲ್ಡ್ ಕಪ್ ಟೀಮಿನಿಂದ ತೆಗೆದೂ ಆಗಿತ್ತು. 2009ರಲ್ಲಿ ಅವನನ್ನ ಬಾಯರ್ನ್ ಮ್ಯೂನಿಕ್‌ಗೆ ಲೋನ್ ಮೇಲೆ ಕರೆಸಿಕೊಂಡಿದ್ದವನೂ ಇದೇ ಕ್ಲಿನ್ಸ್‌ಮನ್!

2017ರ ಅಕ್ಟೋಬರ್ 10. ಒಂದು ಡ್ರಾ ಸಾಕಿತ್ತು, ಟ್ರಿನಿಡಾಡ್ ಎದುರು 2-1ರಲ್ಲಿ ಸೋತ್ರು. 1986ರ ನಂತರ ಮೊದಲ ಸಲ ಅಮೆರಿಕ ಇಲ್ಲದ ವರ್ಲ್ಡ್ ಕಪ್. ಬೈಗುಳ ಯಾರಿಗೆ? ವಾಪಸ್ ಬಂದವರಿಗೆ.

ಹಾಗಾದ್ರೆ ಹೋದವನು ಸುಖವಾಗಿದ್ದಾನಾ? ಆವತ್ತಿನ ಒಂದೇ ಗೋಲ್ ಹೊಡೆದ ಕ್ರಿಶ್ಚಿಯನ್ ಪುಲಿಸಿಕ್‌ನನ್ನ ನೋಡಿ. 2019ರಲ್ಲಿ ಚೆಲ್ಸಿ ಅವನಿಗೆ 6.4 ಕೋಟಿ ಯೂರೋ ಕೊಡ್ತು. (ಬಿಕಾಂನವರೇ, ಇದು ಖರ್ಚಲ್ಲ, ಇಂಟ್ಯಾಂಜಿಬಲ್ ಅಸೆಟ್. ಕಾಂಟ್ರ್ಯಾಕ್ಟ್ ಅವಧಿಗೆ ಹಂಚಿ ಅಮಾರ್ಟೈಸ್ ಮಾಡ್ತಾರೆ. ಎಕ್ಸಾಮಿಗೆ ಬರಲ್ಲ, ಬಿಡಿ.) 2021ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ. ಮಿಲಾನ್‌ನಲ್ಲಿ ಒಂದೇ ಸೀಸನ್‌ಗೆ 50 ಮ್ಯಾಚ್ ಆಡಿ, 2025ರ ಗೋಲ್ಡ್ ಕಪ್‌ಗೆ ರೆಸ್ಟ್ ಬೇಕು ಅಂದ. ಅದಕ್ಕೂ ಮುಂಚಿನ ಎರಡು ಫ್ರೆಂಡ್ಲಿ ಆಡ್ತೀನಿ ಅಂದಿದ್ದ, ಕೋಚ್ ಬೇಡ ಅಂದ. ಶುರುವಾಯ್ತು ನೋಡಿ: ದೇಶ ಮರೆತ, ಕ್ಲಬ್ಬೇ ದೊಡ್ಡದಾಯ್ತು ಇವನಿಗೆ.

ಟಿವಿಯಲ್ಲಿ ಕೂತು ಗೋಲ್ಡ್ ಕಪ್ ತಪ್ಪಿಸಿಕೊಂಡವರ ಮೇಲೆ ಸಿಟ್ಟಾದವರಲ್ಲಿ ಒಬ್ಬ ಯಾರು ಹೇಳಿ? ಡೊನೊವನ್. 2013ರಲ್ಲಿ ಸುಸ್ತಾಗಿದೆ ಅಂತ ಆಟವನ್ನೇ ಬಿಟ್ಟು ಕೆಲವು ತಿಂಗಳು ಕಾಂಬೋಡಿಯಾ ಕಡೆ ಹೋಗಿದ್ದ ಅದೇ ಡೊನೊವನ್. ನನಗೆ ಅವನ ಮೇಲೆ ಕೋಪಕ್ಕಿಂತ ಬೇಜಾರೇ ಜಾಸ್ತಿ ಆಯ್ತು, ಗುರು.

ಮುಂದಿನ ಭಾಗದಲ್ಲಿ ಫ್ರೆಡ್ಡಿ ಅಡು. 14ನೇ ವಯಸ್ಸಿಗೇ ಪ್ರೊಫೆಷನಲ್ ಆದ ಹುಡುಗ. ಇಂಟರ್ನಲ್ಸ್ ಮುಗೀಲಿ, ಹಾಕ್ತೀನಿ.